ಬಾವಿ ಮರದ ನಂಬರು

ಇದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಕೂಡಿಸಿಕೊಂಡದ್ದೆಷ್ಟು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ೧೦೫ ಎಂಬ ಸಂಖ್ಯೆಯನ್ನು ಕಣ್ಣಾರೆ ಕಂಡೆ ಎಂದು ಮನೆಯವರ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ, ಅದು ನಿಜವಾಗಿ ಕಂಡದ್ದೋ ಅಥವಾ ಹೇಳಿದ್ದೇ ನೆನಪಾಗಿ ಕೂತಿತೋ ತಿಳಿಯದಂತಾಗಿದೆ. ಮೈಸೂರಿನಲ್ಲಿ ತತ್ವಶಾಸ್ತ್ರ ಓದುವಾಗ ಒಬ್ಬ ಮೇಷ್ಟ್ರು, ಸಾಕ್ಷಿಯ ಮಾತು ನಂಬುವ ಮೊದಲು ಆ ಸಾಕ್ಷಿಗೆ ಏನು ಬೇಕಾಗಿದೆ ಎಂದು ನೋಡಿ ಎನ್ನುತ್ತಿದ್ದರು. ನನಗೆ ಬೇಕಾಗಿದ್ದದ್ದು ಏನೆಂದು ನನಗೆ ಗೊತ್ತು. ಚಿಕ್ಕಪ್ಪ ಮೋಸಗಾರ ಎಂದು ಸಾಬೀತಾಗಬೇಕಿತ್ತು.

ಶೆಟ್ಟಿಕೆರೆಯ ಬಳಿಯ ನಮ್ಮ ತೆಂಗಿನ ತೋಟ ಆ ವರ್ಷ ಭಾಗವಾಗುತ್ತಿತ್ತು. ಮೇಲಿನ ತೋಟ ಅಪ್ಪನಿಗೆ, ಕೆಳಗಿನ ತೋಟ ಚಿಕ್ಕಪ್ಪನಿಗೆ. ಅದರಲ್ಲಿ ಜಗಳವೇನೂ ಇರಲಿಲ್ಲ. ಜಗಳ ಇದ್ದದ್ದು ಒಂದೇ ಒಂದು ಮರದ ಮೇಲೆ. ಇಬ್ಬರಿಗೂ ಅಕ್ಕನಾದ ನನ್ನ ಅತ್ತೆ ಗಂಡ ಸತ್ತ ಮೇಲೆ ತವರಿಗೆ ಬಂದವಳು. ಕೆಳಗಿನ ತೋಟದಲ್ಲಿ ಬಾವಿಯ ಪಕ್ಕದ ಮರದ ಕಾಯಿ ಮೊದಲಿನಿಂದಲೂ ಅವಳದು. ಅಟ್ಟದ ಒಂದು ಮೂಲೆಯಲ್ಲಿ ಅವನ್ನು ಬೇರೆಯಾಗಿ ಇಟ್ಟು, ಕೊಬ್ಬರಿಯಾದ ಮೇಲೆ ತಿಪಟೂರಿಗೆ ಕಳಿಸುತ್ತಿದ್ದಳು. ಎಲೆ ಅಡಿಕೆಗೆ, ಬಸ್ಸಿಗೆ, ಕನ್ನಡಕಕ್ಕೆ ತಮ್ಮಂದಿರ ಹೆಂಡತಿಯರ ಮುಂದೆ ಕೈ ಚಾಚದೆ ಇರಲು ಅವಳಿಗಿದ್ದದ್ದು ಆ ಮರ ಒಂದೇ.

"ನಂಗೆ ಭಾಗ ಬ್ಯಾಡ ಕಣ್ರಪ್ಪ. ನಾನಿರೋಗಂಟ ಆ ಮರ ನಂದು ಅಂತ ಕಾಗದ್ದಾಗೆ ಬರೀರಿ. ಬಾಯಲ್ಲಿ ಹೇಳ್ಬ್ಯಾಡಿ," ಎಂದಳು.

ಬಾವಿ ಪಕ್ಕದ ಮರ ಎಂದು ಬರೆಸಿದರಾಯಿತು ಎಂದ ಅಪ್ಪ. ಚಿಕ್ಕಪ್ಪ ಒಪ್ಪಲಿಲ್ಲ.

"ಕಾಗದ್ದಾಗೆ ಬಾವಿ ಅಂತ ಬಂದ್ರೆ ನಾಳೆ ಬಾವಿನೂ ನಂದು ಅಂತಾಳೆ. ಮರಕ್ಕೆಲ್ಲ ನಂಬರು ಹಾಕ್ಸಿ, ನಂಬರು ಬರ್ಸಿ. ಮುಗೀತು."

"ನಿನ್ನ ಬಾವೀಲಿ ನೀರೆಲ್ಲೈತ್ಲಾ, ನಾನು ಕೇಳಾಕೆ?" ಎಂದಳು ಅತ್ತೆ.

ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನ್ನ ಕೈಗೆ ಕೆಂಪು ಬಣ್ಣದ ಡಬ್ಬಿ ಬಂತು. ಮೇಲಿನ ತೋಟದಿಂದ ಶುರು ಮಾಡಿ ಪ್ರತಿಯೊಂದು ಬೊಡ್ಡೆಗೂ ಸಂಖ್ಯೆ ಬರೆದೆ. ಸಿಡಿಲು ಬಡಿದು ಸುಳಿ ಇಲ್ಲದೆ ನಿಂತಿದ್ದ ಒಂದು ಒಣ ಬೊಡ್ಡೆಯನ್ನೂ ಬಿಡಲಿಲ್ಲ. ಮೇಲಿನ ತೋಟ ೧೦೪ಕ್ಕೆ ಮುಗಿಯಿತು, ಕೆಳಗಿನದು ೧೦೫ರಿಂದ ಹಿಡಿಯಿತು. ಬಾವಿ ಮರಕ್ಕೆ ಬಂದದ್ದು ೧೧೮. ಅದರ ಪಕ್ಕ ಇನ್ನೂ ಬೊಡ್ಡೆ ಕಾಣದ ಒಂದು ಎಳೆ ಗಿಡವಿತ್ತು. ಅದರ ಬುಡದ ಕಲ್ಲಿಗೆ ೧೧೯ ಎಂದು ಬರೆದೆ. ಭಾಗಪತ್ರದಲ್ಲಿ ೧೧೮ನೇ ನಂಬರಿನ ಮರ ಅತ್ತೆಗೆ ಎಂದು ಬರೆಯುವುದು, ಮರಗಳ ಪಟ್ಟಿಯನ್ನು ಟೈಪು ಮಾಡಿಸಿ ಅದರ ಹಿಂದೆ ಸೇರಿಸುವುದು ಎಂದಾಯಿತು.

ಟೈಪು ಮಾಡಿಸಲು ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿದ್ದ ಡಿಟಿಪಿ ಅಂಗಡಿಗೆ ಹೋದೆವು. ಅಪ್ಪ, ಚಿಕ್ಕಪ್ಪ, ನಾನು. ಅಂಗಡಿಯವನ ಕಂಪ್ಯೂಟರು ಹಳೆಯದು. ಪಟ್ಟಿ ಉದ್ದವಾದರೆ ಅಲ್ಲಾಡದೆ ನಿಂತುಬಿಡುತ್ತಿತ್ತು. ಹಾಗಾಗಿ ಅವನು ಮೇಲಿನ ತೋಟಕ್ಕೆ ಒಂದು ಫೈಲು, ಕೆಳಗಿನ ತೋಟಕ್ಕೆ ಇನ್ನೊಂದು ಫೈಲು ಮಾಡಿದ. ನಾನು ನಂಬರು ಸಮೇತ ಓದತೊಡಗಿದಾಗ ತಡೆದ.

"ನಂಬರು ಹೇಳ್ಬೇಡಿ ಸಾರ್, ಅದು ತಾನಾಗೇ ಬರುತ್ತೆ. ಮರ ಎಂಥದ್ದು ಅಂತ ಮಾತ್ರ ಹೇಳಿ."

ತಾನಾಗಿ ಬರುವುದನ್ನು ಕಂಡರೆ ನನಗೆ ಆಗುವುದಿಲ್ಲ. ಅವನು ಟೀ ಕುಡಿಯಲು ಎದ್ದಾಗ ಮೌಸು ಹಿಡಿದು ನೋಡಿದೆ. 'ಫಸಲು ಮರ' ಎಂಬ ಅಕ್ಷರಗಳನ್ನು ಎಳೆದರೆ ಅವು ಕಪ್ಪಾಗಿ ಕೈಗೆ ಸಿಗುತ್ತಿದ್ದವು. ಪಕ್ಕದ ಸಂಖ್ಯೆ ಮಾತ್ರ ಸಿಗಲೊಲ್ಲದು. ಯಾರೂ ಬರೆಯದೆ ಕೂತಿದ್ದ ಸಂಖ್ಯೆ ಅದು.

ಮೇಲಿನ ತೋಟ ಮುಗಿದ ಮೇಲೆ ಯಾರೋ ಒಬ್ಬರು, ಸತ್ತ ಮರ ಯಾಕೆ, ತೆಗೆಸು ಎಂದರು. ಅಂಗಡಿಯವನು ಒಣ ಬೊಡ್ಡೆಯ ಸಾಲನ್ನು ಅಳಿಸಿದ. ಅದರ ಕೆಳಗಿನ ಸಂಖ್ಯೆಗಳೆಲ್ಲ ಸದ್ದಿಲ್ಲದೆ ಒಂದೊಂದು ಮೆಟ್ಟಿಲು ಮೇಲೆ ಹತ್ತಿದವು. ಪಟ್ಟಿ ೧೦೩ಕ್ಕೆ ಮುಗಿಯಿತು. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ. ಅವನು ಎರಡನೇ ಫೈಲು ತೆರೆದು, ಇದನ್ನು ಎಷ್ಟರಿಂದ ಶುರು ಮಾಡಲಿ ಎಂದು ಕೇಳಿದ.

"ನೂರಾ ನಾಲ್ಕು," ಎಂದಿತು ನನ್ನ ಬೆನ್ನ ಹಿಂದಿನ ದನಿ.

ಆ ದನಿ ಯಾರದು? ಚಿಕ್ಕಪ್ಪನದು ಎಂದೇ ನನ್ನ ನೆನಪು ಹೇಳುತ್ತದೆ. ಆದರೆ ಅವನದೂ ಅಪ್ಪನದೂ ಒಂದೇ ದನಿ. ಫೋನಿನಲ್ಲಿ ಅಮ್ಮನೇ ಎಷ್ಟೋ ಸಲ ಮೈದುನನನ್ನು ಗಂಡ ಎಂದುಕೊಂಡು ಬೈದಿದ್ದಾಳೆ.

ಊರಿಗೆ ಬಂದ ಮೇಲೆ ಹಾಳೆಗಳನ್ನು ಹಿಡಿದು ತೋಟಕ್ಕೆ ಹೋದೆ. ಯಾರೂ ಹೋಗು ಎಂದಿರಲಿಲ್ಲ. ಬಾವಿ ಮರದ ಮುಂದೆ ನಿಂತು ನೋಡಿದರೆ ಬೊಡ್ಡೆಯ ಮೇಲೆ ೧೧೮, ಹಾಳೆಯಲ್ಲಿ ೧೧೭. ಹಾಳೆಯ ೧೧೮ನೇ ಸಾಲಿನಲ್ಲಿ 'ಎಳೆ ಗಿಡ, ಫಸಲಿಲ್ಲ' ಎಂದಿತ್ತು. ಪತ್ರ ಹೀಗೇ ನೋಂದಣಿಯಾದರೆ ಬಾವಿ ಮರ ಚಿಕ್ಕಪ್ಪನದು, ಅತ್ತೆಗೆ ಸಿಗುವುದು ಮೊಣಕಾಲೆತ್ತರದ ಗಿಡ.

ಜಗಲಿಯ ಮೇಲೆ ಅಪ್ಪ, ಚಿಕ್ಕಪ್ಪ, ಅತ್ತೆ ಮೂವರೂ ಇದ್ದಾಗಲೇ ಕೇಳಿದೆ.

"ಚಿಕ್ಕಪ್ಪ, ಅಂಗಡೀಲಿ ನೂರಾ ನಾಲ್ಕು ಅಂದಿದ್ದು ನೀನಾ?"

"ನಾನ್ಯಾಕನ್ಲಿ? ನಾನು ಆಚೆ ಬೀಡಿ ಸೇದ್ತಿದ್ದೆ. ನಿಮ್ಮಪ್ಪನ್ನ ಕೇಳು. ಸತ್ತ ಮರ ಅವನ ಭಾಗದ್ದು."

"ಆ ಪರದೆ ನೋಡಿದ್ರೆ ನಂಗೆ ಕಣ್ಣಾಗೆ ನೀರು ಬತ್ತದೆ. ನಾನು ಅತ್ಲಾಗೆ ತಿರುಗೇ ಇರ್ಲಿಲ್ಲ," ಎಂದ ಅಪ್ಪ.

ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಮೂರು ಜನ ಹೋಗಿ ಬಂದ್ರಿ. ಮೂರು ಜನದಾಗೆ ಒಬ್ರೂ ಅಲ್ಲಿರ್ಲಿಲ್ಲ. ಪಟ್ಟೀನ ಯಾವ ದೆವ್ವ ಬರೀತೋ ಕಾಣೆ."

ಮಾರನೆಯ ದಿನ ಚಿಕ್ಕಪ್ಪನನ್ನು ಕರೆದುಕೊಂಡು ಮತ್ತೆ ತಿಪಟೂರಿಗೆ ಹೋದೆ. ಅಪ್ಪ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಬಸ್ಸಿನುದ್ದಕ್ಕೂ ಅನುಮಾನಿಸಿದೆ. ಅಂಗಡಿಯವನು ಒಣ ಬೊಡ್ಡೆಯನ್ನು ಮತ್ತೆ ಪಟ್ಟಿಗೆ ಸೇರಿಸಿದ. ಬದುಕಿರುವ ಮರಕ್ಕೆ ತನ್ನ ನಂಬರು ಸಿಗಬೇಕಾದರೆ ಸತ್ತದ್ದು ಕಾಗದದಲ್ಲಿ ಉಳಿಯಲೇಬೇಕಿತ್ತು. ಮೊದಲ ಫೈಲು ೧೦೪ಕ್ಕೆ ಮುಗಿಯಿತು. ಎರಡನೆಯದನ್ನು ತೆರೆದರೆ ಅದು ಇನ್ನೂ ೧೦೪ರಿಂದಲೇ ಶುರುವಾಗುತ್ತಿತ್ತು.

"ಅಲ್ಲಿ ಸರಿ ಮಾಡಿದ ಮೇಲೆ ಇಲ್ಲೂ ಆಗ್ಬೇಕಲ್ಲ?"

"ಆ ಫೈಲಿಗೂ ಈ ಫೈಲಿಗೂ ಗುರುತಿಲ್ಲ ಸಾರ್. ಒಂದರೊಳಗೆ ತಾನಾಗೇ ಬರುತ್ತೆ. ಒಂದು ಬಿಟ್ಟು ಇನ್ನೊಂದಕ್ಕೆ ಹೋದ್ರೆ ನಾವೇ ಹೇಳ್ಬೇಕು," ಎಂದ.

ಹಾಗಾದರೆ ಮೊದಲ ಸಲವೂ ಯಾರೋ ಹೇಳಿಯೇ ಇದ್ದರು. ನನ್ನ ಕಿವಿ ಸುಳ್ಳಲ್ಲ. ಚಿಕ್ಕಪ್ಪನ ಮುಖ ನೋಡಿದೆ. ಅವನು ಗೋಡೆಯ ಮೇಲಿನ ಲಗ್ನಪತ್ರಿಕೆಯ ಮಾದರಿಗಳನ್ನು ಓದುತ್ತಿದ್ದ. ಅಂಗಡಿಯವನು ಶುರುವಿನ ಸಂಖ್ಯೆ ಬದಲಾಯಿಸಿದ. ಪರದೆಯ ಮೇಲೆ ೧೦೫ ಮೂಡಿದ್ದು ಆಗಲೇ. ಕಂಡೆ ಎಂದು ನಾನು ಹೇಳುತ್ತಾ ಬಂದದ್ದು ಇದನ್ನೇ.

ಹೊಸ ಹಾಳೆಗಳು ಬಂದವು. ಹಳೆಯವನ್ನು ಹರಿದುಹಾಕಲು ಹೋದೆ. ಚಿಕ್ಕಪ್ಪ ಕೈ ಹಿಡಿದ.

"ಹಿಂದ್ಗಡೆ ಖಾಲಿ ಐತೆ ಕಣ್ಲಾ. ಹೈಕ್ಳು ಲೆಕ್ಕ ಮಾಡ್ಕಂತಾವೆ, ಬುಡು."

ಹಳೆಯವೂ ಹೊಸವೂ ಅವನ ಚೀಲದಲ್ಲೇ ಊರಿಗೆ ಬಂದವು. ಕೆಳಗಿನ ತೋಟದ ಹಾಳೆಗಳಲ್ಲಿ ಮೊದಲ ಸಾಲಿನ ಸಂಖ್ಯೆ ನೋಡದಿದ್ದರೆ ಹಳೆಯದು ಯಾವುದು, ಹೊಸದು ಯಾವುದೆಂದು ದೇವರಿಗೂ ತಿಳಿಯುತ್ತಿರಲಿಲ್ಲ.

ನೋಂದಣಿಯ ದಿನ ನಾನು ಊರಲ್ಲಿರಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಸಂದರ್ಶನವಿತ್ತು. ಅಪ್ಪ, ಚಿಕ್ಕಪ್ಪ, ಅತ್ತೆ ಚಿಕ್ಕನಾಯಕನಹಳ್ಳಿಗೆ ಹೋಗಿ ರುಜು ಹಾಕಿ ಬಂದರು. ಮೂಲ ಪತ್ರ ಚಿಕ್ಕಪ್ಪನ ಟ್ರಂಕು ಸೇರಿತು. ಅಪ್ಪನ ಜೆರಾಕ್ಸು ಎಲ್ಲಿ ಹೋಯಿತೋ ಅಪ್ಪನಿಗೇ ಗೊತ್ತಿರಲಿಲ್ಲ.

ಕೊನೆಗೆ ನನಗೆ ತುಮಕೂರಿನಲ್ಲಿ ಕೆಲಸ ಸಿಕ್ಕಿತು. ರಜೆಗೆ ಬಂದಾಗೆಲ್ಲ ಬಾವಿ ಮರದ ಕಡೆ ಒಂದು ಸುತ್ತು ಹೋಗುತ್ತಿದ್ದೆ. ಪ್ರತಿ ಯುಗಾದಿಗೆ ಅತ್ತೆ ಕೆಮ್ಮಣ್ಣು ಕಲಸಿ ತಂದು ಬೊಡ್ಡೆಯ ಮೇಲಿನ ೧೧೮ರ ಮೇಲೆ ಬೆರಳಾಡಿಸಿ ತಿದ್ದುತ್ತಿದ್ದಳು. ಎಂಟರ ಹೊಟ್ಟೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿತ್ತು. ಕಾಗದದಲ್ಲೇ ಇದೆಯಲ್ಲ, ಮತ್ತೆ ಇದೇಕೆ ಎಂದು ಒಮ್ಮೆ ಕೇಳಿದೆ.

"ನಿನ್ನ ಕಂಪ್ಯೂಟ್ರ ಮ್ಯಾಲೆ ಮಳೆ ಬೀಳಾಕಿಲ್ಲ. ಇದರ ಮ್ಯಾಲೆ ಬೀಳ್ತದೆ," ಎಂದಳು.

ಚಿಕ್ಕಪ್ಪ ಕಾಯಿ ಕೀಳಿಸುವ ದಿನ ಬೇಕೆಂದೇ ಹೋಗಿ ಬದುವಿನ ಮೇಲೆ ನಿಲ್ಲುತ್ತಿದ್ದೆ. ಮರ ಹತ್ತುವವನು ಬಾವಿಯ ಹತ್ತಿರ ಬಂದರೆ ಸಾಕು, ಚಿಕ್ಕಪ್ಪ "ಅದ್ನ ಬುಡ್ಲಾ, ಅದು ಅಕ್ಕಂದು," ಎನ್ನುತ್ತಿದ್ದ. ಸ್ವಲ್ಪ ಜೋರಾಗಿಯೇ ಎನ್ನುತ್ತಿದ್ದ. ನನ್ನ ಕಿವಿಗೆ ಬೀಳಲೆಂದೇ ಎಂದುಕೊಂಡೆ. ನುಸಿ ರೋಗ ಬಂದು ತೋಟದ ಕಾಯಿಗಳೆಲ್ಲ ಸೊರಗಿ, ಬಾವಿ ಮರ ಒಂದು ಮಾತ್ರ ಹೇಗೋ ಗೊನೆ ತುಂಬಿ ನಿಂತ ವರ್ಷವೂ ಅವನ ಬಾಯಲ್ಲಿ ಅದೇ ಮಾತು. ಆ ವರ್ಷ ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಇಷ್ಟು ಸುಲಭವಾಗಿ ಬಿಟ್ಟುಕೊಡುವವನಾಗಿದ್ದರೆ ಅವತ್ತು ಅಷ್ಟೊಂದು ಹಟ ಏಕೆ ಮಾಡಿದ?

ಅತ್ತೆ ತೀರಿಕೊಂಡಾಗ ಅವಳ ಕಾಯಿಗಳು ಅಟ್ಟದ ಮೂಲೆಯಲ್ಲಿ ಇನ್ನೂ ಕೊಬ್ಬರಿಯಾಗುತ್ತಿದ್ದವು. ವೈಕುಂಠ ಸಮಾರಾಧನೆ ಕಳೆದ ಮೇಲೆ ಚಿಕ್ಕಪ್ಪ ಒಬ್ಬನೇ ಸಿಕ್ಕಾಗ ಕೇಳಿದೆ.

"ಆ ಪತ್ರ ಇಷ್ಟು ವರ್ಷ ನಿನ್ನ ಹತ್ರಾನೇ ಇತ್ತಲ್ಲ ಚಿಕ್ಕಪ್ಪ. ಯಾವತ್ತಾದ್ರೂ ತೆಗೆದು ಓದಿದ್ಯಾ?"

"ಓದಾಕೆ ನನ್ನ ಕನ್ನಡಕ ನೆಟ್ಟಗಿರಬೇಕಲ್ಲಪ್ಪ."

"ಬೆಳಗ್ಗೆ ಹೋಟ್ಲಲ್ಲಿ ಊರಿಗೆಲ್ಲ ಪೇಪರು ಓದಿ ಹೇಳ್ತೀಯಲ್ಲ?"

"ಅದು ದಪ್ಪಕ್ಷರ," ಎಂದು ಎದ್ದು ಹೋದ.

ಅವನು ಓದಿದ್ದನೋ ಇಲ್ಲವೋ ನನಗೆ ಈಗಲೂ ತಿಳಿಯದು. ನೂರಾ ನಾಲ್ಕು ಎಂದ ದನಿ ಯಾರದೆಂಬುದೂ ತಿಳಿಯದು. ಅವತ್ತು ಪರದೆಯ ಮೇಲೆ ನಾನು ಏನು ಕಂಡೆನೋ ಅದರ ಬಗ್ಗೆಯೂ ಈಗ ಪ್ರಮಾಣ ಮಾಡಲಾರೆ. ಆದರೆ ಅವನು ಎದ್ದು ಹೋದ ರೀತಿ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮುಂದಿನ ರಜೆಯಲ್ಲಿ ಚಿಕ್ಕನಾಯಕನಹಳ್ಳಿಗೆ ಹೋಗಿ, ಅರ್ಜಿ ಕೊಟ್ಟು, ಆ ಪತ್ರದ ದೃಢೀಕೃತ ನಕಲು ತೆಗೆಸಿದೆ. ಕಚೇರಿಯ ಹೊರಗೆ ಕಟ್ಟೆಯ ಮೇಲೆ ಕೂತು ನೋಡಿದೆ. ಆಮೇಲೆ ಮನೆಯಲ್ಲಿ ಮತ್ತೊಮ್ಮೆ ನೋಡಿದೆ. ಮೇಲಿನ ತೋಟದ ಪಟ್ಟಿ ೧೦೪ಕ್ಕೆ ಮುಗಿಯುತ್ತದೆ, ಒಣ ಬೊಡ್ಡೆಯೂ ಅದರಲ್ಲಿದೆ. ಹಾಳೆ ಮಗುಚಿದರೆ ಕೆಳಗಿನ ತೋಟದ ಪಟ್ಟಿ ಮತ್ತೆ ೧೦೪ರಿಂದಲೇ ಶುರುವಾಗುತ್ತದೆ, ನಾನು ಹರಿಯಹೋಗಿದ್ದ ಹಳೆಯ ಹಾಳೆ. ಬಾವಿ ಮರದ ಸಾಲು ೧೧೭. ಅತ್ತೆಗೆಂದು ಬರೆದ ೧೧೮ರ ಎದುರು ಇರುವುದು 'ಎಳೆ ಗಿಡ, ಫಸಲಿಲ್ಲ.'