ಗಾರೆ ಕಾಣದ ಮೂರಡಿ ಗೋಡೆ

ಕಳೆದ ಸೋಮವಾರ ಬೆಳಿಗ್ಗೆ ಒಂದು ಹಳೇ ಸ್ಕೂಟರಿನ ಕಾರ್ಬೊರೇಟರ್ ಬಿಚ್ಚಿಕೊಂಡು ಕೂತಿದ್ದೆ. ಎರಡೂ ಕೈಗೆ ಪೆಟ್ರೋಲ್. ಅದರ ನಡುವೆಯೂ ಇನ್ನೊಂದು ವಾಸನೆ ಮೂಗಿಗೆ ಬಂತು... ಬಿಸಿಲಿಗೆ ಕಾದ ಕೆಂಪು ಚಿರೆಕಲ್ಲಿಗೆ ನೀರು ಬಿದ್ದರೆ ಬರುತ್ತದಲ್ಲ, ಅದು. ಕೆಲವರಿಗೆ ಆ ವಾಸನೆ ಅಂದರೆ ಪ್ರಾಣ. ನನಗೆ ಹಲ್ಲು ಕಚ್ಚುವ ಹಾಗಾಗುತ್ತದೆ.

ಎದ್ದು ಹಿತ್ತಲಿಗೆ ಹೋಗಿ ಇಣುಕಿ ನೋಡಿದೆ. ಪಕ್ಕದ ಮನೆಯ ಕಾಂಪೌಂಡ್ ಗೋಡೆಗೆ ಮೇಸ್ತ್ರಿ ನೀರು ಹೊಡೆಯುತ್ತಿದ್ದ. ಇಡೀ ಗೋಡೆಗಲ್ಲ, ನಡುವಿನ ಮೂರಡಿಗೆ ಮಾತ್ರ. ಪಕ್ಕದಲ್ಲಿ ಸಿಮೆಂಟು, ಮರಳು ಕಲಸಿ ಇಟ್ಟಿತ್ತು. ಉಳಿದ ಗೋಡೆಗೆಲ್ಲ ಗಾರೆ ಬಿದ್ದು, ಹಳದಿ ಬಣ್ಣ ಬಿದ್ದು ಆರು ವರ್ಷ ಆಯಿತು. ಆ ಮೂರಡಿಯನ್ನು ಮಾತ್ರ ಬೆತ್ತಲೆ ನಿಲ್ಲಿಸಿದ್ದವರು ಅಕ್ಕೋರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ನಾನು ಹೇಳುತ್ತಿರುವುದು ನಮ್ಮ ಪಕ್ಕದ ಮನೆಯವರ ವಿಷಯ. ನಾಲ್ಕನೇ ಕ್ಲಾಸಿನಲ್ಲಿ ನನಗೆ ಲೆಕ್ಕ ಕಲಿಸಿದವರು, ಅಂದರೆ ಕಲಿಸಲು ನೋಡಿದವರು. ರಿಟೈರ್ ಆದ ಮೇಲೂ ಕ್ಲಾಸು ಬಿಡಲಿಲ್ಲ. ಸಿರ್ಸಿಯ ನಮ್ಮ ಕೇರಿಯೇ ಅವರ ಕ್ಲಾಸು. ಕಸದ ಗಾಡಿಯವನು ಸಾಲಾಗಿ ನಿಲ್ಲಬೇಕು, ಹಾಲಿನವನು ಕೈ ತೊಳೆದಿರಬೇಕು. ಅವರ ಗಂಡ ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು, ಮಾತೇ ಕಡಿಮೆ. ಅವರೂ ಹೆಂಡತಿಯನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು! ಬೇರೇನು ಕರೆಯುತ್ತಾರೆ ಪಾಪ.

ಆ ಗೋಡೆ ಎದ್ದ ವರ್ಷ ನನಗೆ ಹತ್ತೊಂಬತ್ತು. ಕಾಲೇಜು ಅರ್ಧಕ್ಕೆ ಬಿಟ್ಟಿದ್ದೆ. ನಮ್ಮ ಹಿತ್ತಲಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಅಪ್ಪನ ಒಂದು ಹಳೇ ಟೂ-ಸ್ಟ್ರೋಕ್ ಬೈಕು ಧೂಳು ಹಿಡಿದು ನಿಂತಿತ್ತು. ಎಂಟು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಅದಕ್ಕೆ ಜೀವ ತಂದಿದ್ದೆ. ಯಾರೂ ಕಲಿಸಿದ್ದಲ್ಲ. ಗುರಿ ಒಂದೇ, ಹುಲಗೋಳದ ಕಡೆ ನಡೆಯುವ ಗದ್ದೆ ರೇಸು.

ಅದು ದೊಡ್ಡ ರೇಸೇನಲ್ಲ. ಯುಗಾದಿ ಕಳೆದು, ಗದ್ದೆ ಒಣಗಿ ಬಿರುಕು ಬಿಟ್ಟಿರುವ ಹೊತ್ತಿಗೆ ಸುತ್ತಲಿನ ಹುಡುಗರೆಲ್ಲ ತಮ್ಮ ತಮ್ಮ ಡಬ್ಬಾ ಗಾಡಿ ತಂದು ಆರು ಸುತ್ತು ಓಡಿಸುವುದು, ಅಷ್ಟೆ. ಗದ್ದೆಯ ಯಜಮಾನರಿಗೆ ಬಾಡಿಗೆ ಇಲ್ಲ. ಬದಲಿಗೆ ಸೋತವರೆಲ್ಲ ಸೇರಿ, ಗಾಡಿ ಹತ್ತಿ ಒಡೆದ ಬದುವನ್ನು ಅವತ್ತೇ ಮತ್ತೆ ಕಟ್ಟಿಕೊಟ್ಟು ಹೋಗಬೇಕು. ಗೆದ್ದವನು ಅಂಚಿನಲ್ಲಿ ಕೂತು ಸೋಡಾ ಕುಡಿಯುತ್ತ ಅವರನ್ನು ನೋಡಬಹುದು. ಅದೇ ಬಹುಮಾನ.

ಗೂಡ್ಸ್ ಟೆಂಪೋ ಓಡಿಸುವ ಅಪ್ಪನಿಗೆ ನನ್ನ ಹುಚ್ಚು ಸಾಕಾಗಿತ್ತು. “ಈ ಸಲ ಆರು ಸುತ್ತು ಮುಗಿಸಿ ಬಂದ್ರೆ ಗಾಡಿ ಇಟ್ಕ. ನಡುವೆ ನಿಂತ್ತು ಅಂದ್ರೆ ಸೋಮವಾರ ಗುಜರಿಗೆ ಹಾಕಿ, ನೀನು ನನ್ನ ಜೊತಿಗೆ ಟೆಂಪೋಕ್ಕೆ ಬಪ್ಪದು” ಅಂದಿದ್ದ. ಅಪ್ಪ ಹೇಳಿದರೆ ಹೇಳಿದ್ದೇ.

ರೇಸಿಗೆ ಎಂಟು ದಿನ ಇತ್ತು. ಅವತ್ತು ಮೊದಲ ಸಲ ಇಂಜಿನ್ ಪೂರ್ತಿ ಎಬ್ಬಿಸಿ ನೋಡುವ ಆಸೆ ಆಯಿತು. ಕೊಟ್ಟಿಗೆಯ ಮುಂದೆ ಇದ್ದದ್ದು ಸಣ್ಣ ಜಾಗ. ಅದಕ್ಕೆ ತಾಗಿ ಅಕ್ಕೋರ ಮನೆಯ ಪಕ್ಕದ ಓಣಿ. ಅದು ಅವರದ್ದೇ ಜಾಗ, ಆದರೆ ನಮ್ಮ ಹಿತ್ತಲಿಗೆ ಹೋಗಿಬರಲು ಮನೆಯೊಳಗಿನದು ಬಿಟ್ಟರೆ ಬೇರೆ ದಾರಿ ಇಲ್ಲವೆಂದು ಮೊದಲಿನಿಂದಲೂ ನಾವೇ ಓಡಾಡುತ್ತಿದ್ದೆವು. ಅಕ್ಕೋರು ಅವತ್ತು ಅಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸಿದ್ದರು. ನಾನು ನೋಡಿಯೂ ಇದ್ದೆ. ಆದರೆ ಗಾಡಿಯ ಬಾಲ ಯಾವ ಕಡೆ ಇದೆ ಎಂದು ನೋಡಲಿಲ್ಲ. ನಾಲ್ಕನೇ ಕಿಕ್ಕಿಗೆ ಇಂಜಿನ್ ಎದ್ದಿತು, ಸೈಲೆನ್ಸರಿನಲ್ಲಿ ತುಂಬಿದ್ದ ಕಪ್ಪು ಆಯಿಲ್ ಅಷ್ಟೂ ಪಿಚಕಾರಿಯ ಹಾಗೆ ಹಾರಿತು.

ಅಕ್ಕೋರು ಒಂದು ಹಪ್ಪಳ ಎತ್ತಿಕೊಂಡು ಬಂದು ನನ್ನ ಮುಖದ ಮುಂದೆ ಹಿಡಿದರು.

“ತಮಾ, ಇದು ಎಂತ?”

“ಆಯಿಲ್ ಅಕ್ಕೋರೆ. ಸ್ವಲ್ಪ ಹಾರ್ತು.”

“ಸ್ವಲ್ಪವ? ಎಣಿಸು. ಎಷ್ಟಕ್ಕೆ ಬಿದ್ದಿದ್ದು, ಎಣಿಸಿ ಹೇಳು. ನೂರರವರೆಗೆ ಎಣಿಸಲೆ ಬತ್ತಲ್ಲ, ಅಷ್ಟಾದ್ರೂ ಕಲಿಸಿದ್ದಿದ್ದು.”

ತಪ್ಪಾಯಿತು ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಅವರ ಆ ದನಿ ಕೇಳಿದರೆ ನನಗೆ ನಾಲ್ಕನೇ ಕ್ಲಾಸಿನ ಬೆಂಚು ನೆನಪಾಗುತ್ತಿತ್ತು. “ಕರಿದ್ರೆ ಗೊತ್ತಾಗ್ತಿಲ್ಲೆ ಅಕ್ಕೋರೆ. ಹೆಂಗೂ ಎಣ್ಣೆಗೇ ಬಿಡದು ಅಲ್ದ?” ಅಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ನಿನ್ನ ಪಾಸ್ ಮಾಡಿದ್ದು ನನ್ನದೇ ತಪ್ಪು” ಎಂದು ಹೇಳಿ, ಹಪ್ಪಳದ ಸಮೇತ ಚಾಪೆಯನ್ನೇ ಸುರುಳಿ ಸುತ್ತಿಕೊಂಡು ಒಳಗೆ ಹೋದರು.

ಮರುದಿನ ಹಗ್ಗ ಹಿಡಿದು ಗಡಿ ಅಳೆದರು. ಮಂಗಳವಾರ ಪಾಯ ತೋಡಿಸಿದರು. ಬುಧವಾರ ಚಿರೆಕಲ್ಲು ಬಂದು ಬಿತ್ತು. ಓಣಿಗೂ ನಮ್ಮ ಹಿತ್ತಲಿಗೂ ನಡುವೆ ಗೋಡೆ ಏಳುವುದಿತ್ತು. ಅಪ್ಪನನ್ನು ಕೇಳಿದರೆ, “ಜಾಗ ಅವ್ರದ್ದು. ಇಷ್ಟು ವರ್ಷ ಬಿಟ್ಟಿದ್ದೇ ದೊಡ್ಡದು. ನೀನು ಬಾಯಿ ಮುಚ್ಚು” ಅಂದ.

ಆಗಲೇ ಗಾಡಿ ಹೊರಗೆ ತಂದಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ತರಬಹುದಿತ್ತು. ಆದರೆ ನಮ್ಮ ಊರಿನಲ್ಲಿ ಮೇಸ್ತ್ರಿ ಹೇಳಿದ ದಿನಕ್ಕೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಯಿ, ಅಂದರೆ ನನ್ನ ಅಮ್ಮ, ಅಡಿಗೆಮನೆಗೆ ಕೆಂಪು ಸಿಮೆಂಟಿನ ನೆಲ ಮಾಡಿಸಲು ದೀಪಾವಳಿಯಿಂದ ಕಾದಿದ್ದಳು, ಅದಕ್ಕೆ ಜನ ಬಂದದ್ದು ಅದೇ ವಾರ. ಹಾಗಾಗಿ ಅಕ್ಕೋರ ಗೋಡೆ ಇನ್ನೊಂದು ತಿಂಗಳು ಏಳುವುದಿಲ್ಲ ಎಂದುಕೊಂಡು ಕೊಟ್ಟಿಗೆಯಲ್ಲಿ ಪಿಸ್ಟನ್ ತಿಕ್ಕುತ್ತ ಕೂತೆ. ನನಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಅಕ್ಕೋರು ಕರೆಸಿದ ಮೇಸ್ತ್ರಿಯೂ ಅವರ ಹಳೇ ವಿದ್ಯಾರ್ಥಿ. ಗುರುವಾರ ಬೆಳಿಗ್ಗೆ ಎಂಟಕ್ಕೆ ಬೆಲ್ ಹೊಡೆದ ಹಾಗೆ ಬಂದ! ನನ್ನ ಗಾಡಿ ಆಗ ತುಂಡು ತುಂಡಾಗಿ ಬಿಚ್ಚಿ ಬಿದ್ದಿತ್ತು.

ಶನಿವಾರ ಸಂಜೆ ಗಾಡಿ ಜೋಡಿಸಿ ತಲೆ ಎತ್ತಿದರೆ ಎದುರಿಗೆ ತಲೆಮಟ್ಟ ಗೋಡೆ. ಈ ತುದಿಯಿಂದ ಆ ತುದಿಯವರೆಗೆ. ಮನೆಯೊಳಗಿಂದ ತೆಗೆಯೋಣ ಎಂದರೆ ಅಡಿಗೆಮನೆಯ ಕೆಂಪು ನೆಲ ಇನ್ನೂ ಹಸಿ, ಆಯಿ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ ಬೆಕ್ಕನ್ನೂ ಬಿಡುತ್ತಿರಲಿಲ್ಲ. ಮತ್ತೆ ಬಿಚ್ಚಿ ಸಾಗಿಸೋಣ ಎಂದರೆ, ನಿಜ ಹೇಳುತ್ತೇನೆ, ಇನ್ನೊಮ್ಮೆ ಜೋಡಿಸಿದರೆ ಅದು ಶುರುವಾಗುತ್ತದೆ ಎಂಬ ಧೈರ್ಯ ನನಗೇ ಇರಲಿಲ್ಲ.

ಕುರ್ಚಿ ಹತ್ತಿ ಗೋಡೆಯ ಮೇಲಿನಿಂದ ಕೂಗಿದೆ. “ಅಕ್ಕೋರೆ, ನನ್ನ ಗಾಡಿ ಒಳಗೆ ಉಳತ್ತು!”

“ಇರ್ಲಿ. ಅಲ್ಲೇ ಇಟ್ಟು ಪೂಜೆ ಮಾಡು.”

“ನಾಳೆ ರೇಸ್ ಇದ್ದು ಹೇಳಿ ಗೊತ್ತಿದ್ದೇ ಕಟ್ಟಿದ್ದಲ್ದ ನೀವು? ಹೊಟ್ಟೆಕಿಚ್ಚು ನಿಮ್ಗೆ!”

ಹೊಸ ಗೋಡೆಗೆ ನೀರು ಚಿಮುಕಿಸುತ್ತಿದ್ದ ಅಕ್ಕೋರ ಕೈ ಒಂದು ಕ್ಷಣ ನಿಂತಿತು. ಏನೋ ಹೇಳಲು ಬಾಯಿ ತೆರೆದರು. ಚೊಂಬು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದರು...

ಭಾನುವಾರ ಆರೂವರೆಗೆ ನಾನು ಹಾರೆ ಎತ್ತಿದೆ. ಅಪ್ಪ ಬೆಳಗಾಗುವ ಮುಂಚೆಯೇ ಬಾಡಿಗೆ ಹಿಡಿದು ಅರಬೈಲ್ ಘಟ್ಟ ಇಳಿದು ಹೋಗಿದ್ದ. ಹಸಿ ಗಾರೆ, ಹೊಡೆದರೆ ಪುಡಿ. ಕೊಟ್ಟಿಗೆಯ ಎದುರಿಗೇ ಮೂರಡಿ ಅಗಲ, ಮೇಲಿನ ಸಾಲಿನಿಂದ ಕೆಳಗಿನವರೆಗೆ ಕೆಡವಿದೆ. ಸುಳ್ಳು ಯಾಕೆ ಹೇಳಲಿ, ಒಂದೊಂದು ಕಲ್ಲು ಬಿದ್ದಾಗಲೂ ಖುಷಿಯಾಗುತ್ತಿತ್ತು. ಅಕ್ಕೋರು ತುಳಸಿಕಟ್ಟೆಯ ಹತ್ತಿರ ನಿಂತು ನೋಡುತ್ತಲೇ ಇದ್ದರು. ನಾನು ಹಲಗೆ ಹಾಸಿ ಗಾಡಿಯನ್ನು ಸಂದಿನಿಂದ ದೂಡುವಾಗ ಜಗಲಿಯಲ್ಲಿ ಕೂತಿದ್ದ ಅವರ ಗಂಡ ಅಭ್ಯಾಸಬಲದಿಂದ, “ಬರ್ಲಿ, ಬರ್ಲಿ... ಎಡಕ್ಕೆ ತಗ... ರೈಟ್!” ಅಂದುಬಿಟ್ಟರು. ಅಕ್ಕೋರು ತಿರುಗಿ ಒಮ್ಮೆ ನೋಡಿದರು. ಗಂಡ ಪೇಪರಿನ ಹಿಂದೆ ಮಾಯವಾದರು.

ಆರು ಸುತ್ತು ಮುಗಿಸಿದೆ. ಎಲ್ಲರಿಗಿಂತ ಕೊನೆಗೆ. ನಾಲ್ಕನೇ ಸುತ್ತಿನಲ್ಲಿ ಚೈನು ಕಳಚಿತು, ಕೂರಿಸಿ ಮತ್ತೆ ಓಡಿಸಿದೆ. ನಾನು ಗೆರೆ ದಾಟುವಾಗ ಗೆದ್ದವನ ಸೋಡಾ ಖಾಲಿಯಾಗಿತ್ತು. ಆದರೆ ಮುಗಿಸಿದ್ದು ಮುಗಿಸಿದ್ದೇ. ಮಧ್ಯಾಹ್ನವಿಡೀ ಬದು ಕಟ್ಟಿ, ಮೈಯೆಲ್ಲ ಮಣ್ಣು ಮಾಡಿಕೊಂಡು ಮನೆಗೆ ಬಂದೆ.

ಅಪ್ಪ ಬಂದಾಗಿತ್ತು. ಅಕ್ಕೋರೂ ನಮ್ಮ ಅಂಗಳದಲ್ಲೇ ನಿಂತಿದ್ದರು.

“ಬಾ, ಬಾ. ಹಿತ್ತಿಲ ತುದಿಗೆ ದಾಸವಾಳ ಗಿಡದ ಹತ್ರ ಹೋಗಿ ಗೋಡೆ ನೋಡ್ಕಂಡು ಬಾ” ಅಂದರು.

ಹೋಗಿ ನೋಡಿದೆ. ಅಲ್ಲಿ ಬಾಗಿಲಷ್ಟು ಅಗಲಕ್ಕೆ ಕಲ್ಲಿನ ಸಂದಿನ ಗಾರೆ ಇನ್ನೂ ಹಸಿಯಾಗಿತ್ತು, ಅವತ್ತೇ ಹಾಕಿದ್ದು.

“ಅಷ್ಟು ಜಾಗಕ್ಕೆ ಇವತ್ತು ಮಧ್ಯಾಹ್ನದವರೆಗೆ ಗಾರೆನೇ ಇರ್ಲಿಲ್ಲೆ. ಸುಮ್ನೆ ಕಲ್ಲು ಪೇರಿಸಿಟ್ಟಿತ್ತು. ಕೈಯಲ್ಲಿ ಎತ್ತಿಟ್ಟು ಗಾಡಿ ತೆಗಿಬಹುದಾಗಿತ್ತು. ನಿನ್ನೆ ಹೇಳಲೆ ಬಾಯಿ ತೆಗೆದಿದ್ದೆ. ಹೊಟ್ಟೆಕಿಚ್ಚು ಅಂದವ್ನಿಗೆ ಎಂತಕ್ಕೆ ಹೇಳದು?”

“ನನಗೋಸ್ಕರ ಬಿಟ್ಟಿದ್ದ ಅಕ್ಕೋರೆ?”

“ನಿನಗೋಸ್ಕರವ? ಆ ದರಿದ್ರ ಒಳಗೇ ಉಳದ್ರೆ ದಿನಾ ಅದರ ಸದ್ದು ಕೇಳವ್ರು ಯಾರು? ಅದು ಹೊರಗೆ ಹೋಗ್ಲಿ, ಹೋದ ಮೇಲೆ ಮುಚ್ಚಿದ್ರೆ ಮತ್ತೆ ಒಳಗೆ ಬರ್ತಿಲ್ಲೆ ಹೇಳಿ ಬಿಟ್ಟಿದ್ದು. ಮೇಸ್ತ್ರಿ ಮಧ್ಯಾಹ್ನವೇ ಬಂದು ಮುಚ್ಚಿದ್ದ. ನೀನು ಒಡೆದಿದ್ದು ನೀನೇ ಕಟ್ಟು.”

ಅಪ್ಪನ ತೀರ್ಪೂ ಅದೇ. ಗಾಡಿ ಇಟ್ಟುಕೊಳ್ಳಬಹುದು, ಗೋಡೆ ಕಟ್ಟಬೇಕು, ಏಳು ದಿನ ಎರಡು ಹೊತ್ತು ನೀರೂ ಹೊಡೆಯಬೇಕು. ಅಕ್ಕೋರು ಮೇಸ್ತ್ರಿಗೆ ಮುಟ್ಟಗೊಡಲಿಲ್ಲ. ಎರಡು ದಿನ ಕುರ್ಚಿ ಹಾಕಿ ಕೂತು ನನ್ನಿಂದ ಕಟ್ಟಿಸಿದರು. ಒಂದು ಒಳ್ಳೆಯ ಮಾತಿಲ್ಲ. ನೀರು ಹೊಡೆಯುವಾಗಲಂತೂ ಬೆನ್ನ ಹಿಂದೆಯೇ ನಿಲ್ಲುತ್ತಿದ್ದರು. “ಎರಚಡ! ಚೊಂಬಲ್ಲಿ ಎರಚಿದ್ರೆ ಗಾರೆ ತೊಳೆದು ಹೋಗ್ತು. ಕೈಯಲ್ಲಿ ಚಿಮುಕಿಸು... ಎರಚಡ ಅಂದ್ನಲ!” ಬೆಳಿಗ್ಗೆ, ಸಂಜೆ, ಏಳು ದಿನ.

ನಾನು ಕಟ್ಟಿದ ಭಾಗ ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ತಿಂಗಳ ನಂತರ ಇಡೀ ಗೋಡೆಗೆ ಗಾರೆ, ಬಣ್ಣ ಆದಾಗ ಅಕ್ಕೋರು ಮೇಸ್ತ್ರಿಗೆ ನನ್ನ ಎದುರೇ ಹೇಳಿದರು, “ಈ ಮೂರಡಿಗೆ ಮುಟ್ಟಡ. ಇರ್ಲಿ. ಬಂದವ್ರಿಗೆ ತೋರ್ಸಲೆ ಬೇಕು.”

ತೋರಿಸಿದರು. ಮನೆಗೆ ಬಂದ ನೆಂಟರಿಗೆ, ಗ್ಯಾಸ್ ತಂದವನಿಗೆ, ಚುನಾವಣೆಗೆ ಓಟು ಕೇಳಲು ಬಂದವರಿಗೆ! ಗಾಡಿ ಹಿಂದೆ ಹೋಗದೆ ಮುಂದಿನ ಅಂಗಳದಲ್ಲೇ ಉಳಿದಿತ್ತಲ್ಲ, ರಸ್ತೆಗೆ ಕಾಣುತ್ತಿತ್ತು. ನಾನು ಅಲ್ಲೇ ಬಿಚ್ಚುತ್ತ ಜೋಡಿಸುತ್ತ ಇರುವುದನ್ನು ನೋಡಿ ಒಬ್ಬ ತನ್ನ ಸ್ಕೂಟರ್ ತಂದು ನಿಲ್ಲಿಸಿದ. ನನ್ನ ಮೊದಲ ಗಿರಾಕಿ. ಅಕ್ಕೋರು ಅವನನ್ನು ಕರೆದು ಗೋಡೆ ತೋರಿಸಿ, “ಮೂರಡಿ ಗೋಡೆ ನೆಟ್ಟಗೆ ಕೂರಿಸಲೆ ಬರದವ ಇಂಜಿನ್ ಕೂರಿಸ್ತ್ನ?” ಅಂದರು. ಅವನು ಸ್ಕೂಟರ್ ತಳ್ಳಿಕೊಂಡು ಹೋದ. ಅವತ್ತು ನಾನು ಅತ್ತಿದ್ದೆ. ಅದನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಆಮೇಲೆ ಬೇರೆಯವರು ಬಂದರು, ಅಂಗಳಕ್ಕೆ ತಗಡಿನ ಮಾಡು ಬಿತ್ತು, ಗ್ಯಾರೇಜ್ ಆಯಿತು. ಗೋಡೆ ಕಟ್ಟದಿದ್ದರೆ ನೀನು ಇನ್ನೂ ಕೊಟ್ಟಿಗೆಯಲ್ಲೇ ಇರುತ್ತಿದ್ದೆ ಎಂದು ಆಯಿ ಆಗಾಗ ಅನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಅದು ಅವರ ಉಪಕಾರ ಅಲ್ಲವೇ ಅಲ್ಲ.

ಕಳೆದ ಮಳೆಗಾಲದ ಕೊನೆಗೆ ಅಕ್ಕೋರು ಹೋದರು. ಹದಿನೈದು ದಿನದ ಜ್ವರ. ನಾನು ನೋಡಲು ಹೋಗಿರಲಿಲ್ಲ... ನಾಳೆ ಹೋದರಾಯಿತು ಎಂದುಕೊಂಡೇ ಇದ್ದೆ. ಸತ್ತ ಮನೆಗೆ ಸಿದ್ದಾಪುರದಿಂದ ಬಂದ ಹೆಂಗಸೊಬ್ಬರು ಗೋಡೆ ನೋಡಿ, “ಅಕ್ಕೋರು ಹೇಳ್ತಿದ್ದ ಮೂರಡಿ ಇದೇ ಅಲ್ದ? ಎಂತ ಆಗಿತ್ತು ಅದು?” ಅಂದರು. ನಾನೇ ಹೇಳಿದೆ, ಹಪ್ಪಳದಿಂದ ಹಿಡಿದು, ಅವರು ಬೈದದ್ದನ್ನೂ ಬಿಡದೆ. ಯಾರಿಗೂ ನಗು ಬರಲಿಲ್ಲ. ಅವರು ಹೇಳಿದರೆ ಎಲ್ಲರೂ ನಗುತ್ತಿದ್ದರು.

ಸೋಮವಾರ ಮೇಸ್ತ್ರಿ ಗಾರೆ ಮೆತ್ತಲು ಶುರು ಮಾಡಿದಾಗ ಅವರ ಗಂಡ ಗೋಡೆಯ ಆಚೆ ನಿಂತಿದ್ದರು. “ತೋರ್ಸವ್ರೇ ಇಲ್ಲೆ ಈಗ. ಇನ್ನೆಂತಕ್ಕೆ ಹಂಗೇ ಇಡದು, ತಮಾ?” ಅಂದರು. ಆರು ವರ್ಷ ನಾನು ಕಾಯುತ್ತಿದ್ದದ್ದು ಅದಕ್ಕೇ. ಹೂಂ ಅಂದೆ. ಸಂಜೆಯ ಹೊತ್ತಿಗೆ ನನ್ನ ಮೂರಡಿಯ ಹೊಟ್ಟೆ ಎಲ್ಲಿತ್ತೆಂದು ಹುಡುಕಬೇಕಾಯಿತು.

ಅವರಿಗೆ ಮೊಣಕಾಲು ನೋವು. ನೀರು ಹೊಡೆಯುವ ಕೆಲಸ ನಾನೇ ವಹಿಸಿಕೊಂಡೆ. ಮಂಗಳವಾರ ಬೆಳಿಗ್ಗೆ ಆರೂವರೆಗೆ ಚೊಂಬು ತುಂಬಿಕೊಂಡು ಅವರ ಕಡೆಯಿಂದ ಗೋಡೆಯ ಮುಂದೆ ನಿಂತೆ. ಕೈಯಲ್ಲಿ ಚಿಮುಕಿಸಬೇಕೆಂದು ಗೊತ್ತಿತ್ತು. ಚೊಂಬು ಎತ್ತಿ ರಪ್ಪನೆ ಎರಚಿದೆ. ಹಸಿ ಗಾರೆಯ ಒಂದು ಚಕ್ಕೆ ಕಳಚಿ ಕಾಲ ಹತ್ತಿರ ಬಿತ್ತು.

ಬೆನ್ನ ಹಿಂದಿನ ದನಿಗೆ ಕಾದೆ. ತುಳಸಿಕಟ್ಟೆಯ ಕಡೆ ನೋಡಿದೆ. ಆಮೇಲೆ ಇನ್ನೊಂದು ಚೊಂಬು ತುಂಬಿಕೊಂಡು, ಕೈಯಲ್ಲಿ ಚಿಮುಕಿಸತೊಡಗಿದೆ.