ಹಳಿ ಬೀಳದ ಏರಿಯ ಮೇಲೆ

ನಡೆಯುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನಾದ್ದರಿಂದ, ಭೂಪಟದ ಮೇಲೆ ಕೋಲಾಡಿಸಿ ಮಕ್ಕಳನ್ನು ಒಂದೇ ಪೀರಿಯಡ್ಡಿನಲ್ಲಿ ಸಹಾರಾ ಮರುಭೂಮಿ ದಾಟಿಸಬಲ್ಲೆ. ಆದರೆ ಓಣಿಯ ತುದಿಯ ಅಂಗಡಿಯಿಂದ ಬೆಂಕಿಪೊಟ್ಟಣ ತರಬೇಕೆಂದರೆ ಮೊಪೆಡ್ ಹೊರಗೆ ತೆಗೆಯುತ್ತೇನೆ. ಇಂಥವನನ್ನು ಒಂದು ಭಾನುವಾರ ಬೆಳಿಗ್ಗೆ ಹರಪನಹಳ್ಳಿಯ ಹೊರಗೆ, ಹಳಿಯೇ ಇಲ್ಲದ ರೈಲುದಾರಿಯ ಮೇಲೆ ನಡೆಸಿದವಳು ನನ್ನ ಅಕ್ಕ ನೀಲಮ್ಮ.

ನೀಲಕ್ಕನದು ಬಸ್ ಸ್ಟ್ಯಾಂಡಿನ ಎದುರಿಗೆ ಒಗ್ಗರಣೆ-ಮಿರ್ಚಿಯ ಚಿಕ್ಕ ಹೋಟೆಲು. ತೋಯಿಸಿದ ಮಂಡಕ್ಕಿಗೆ ಈರುಳ್ಳಿ, ಹುರಿಗಡಲೆ ಪುಡಿ ಬೆರೆಸಿ ಒಗ್ಗರಣೆ ಮಾಡಿ, ಪಕ್ಕದಲ್ಲಿ ಕಡಲೆಹಿಟ್ಟಿನಲ್ಲಿ ಕರಿದ ಬಿಸಿ ಮೆಣಸಿನಕಾಯಿ ಇಟ್ಟುಕೊಡುವವರೆಗೆ ನಮ್ಮೂರಿನ ಮಂದಿ ಬೆಳಗಾಯಿತೆಂದು ಒಪ್ಪುವುದಿಲ್ಲ. ಭಾವ ಲಾರಿ ಓಡಿಸುತ್ತ ತಿಂಗಳ ಬಹುಪಾಲು ಊರ ಹೊರಗೇ ಇರುತ್ತಿದ್ದರು. ಮನೆ, ಇಬ್ಬರು ಹೆಣ್ಣುಮಕ್ಕಳ ಓದು, ಎಲ್ಲ ನಿಂತದ್ದು ಅಕ್ಕನ ಬಾಣಲೆಯ ಮೇಲೆ. ಆ ವರ್ಷ ಜಾಗದ ಮಾಲೀಕರು ಹಳೆಯ ಮಳಿಗೆಗಳನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತೇವೆ, ದೀಪಾವಳಿಯೊಳಗೆ ಖಾಲಿ ಮಾಡಿ ಎಂದುಬಿಟ್ಟರು.

ಇನ್ನೊಬ್ಬರಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಅಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ನಮ್ಮ ಮನೆಗೆ ಬಂದಳು. "ಲೇ ತಮ್ಮಾ, ರೈಲ್ವೆ ಸ್ಟೇಷನ್ ಎಲ್ಲಿ ಆಗತೈತಿ ನೋಡ್ಕೊಂಡು ಬರಾಣ ನಡಿ. ಅದರ ಮುಂದ ಜಾಗ ಹಿಡಿದ್ರ ಮುಗೀತು."

ಕೊಟ್ಟೂರಿಗೆ ಬಂದು ನಿಂತಿದ್ದ ರೈಲುದಾರಿ ನಮ್ಮೂರನ್ನು ಹಾದು ಹರಿಹರ ಸೇರುವುದೆಂಬ ಮಾತು ಆಗ ಮಾತಾಗಿ ಉಳಿದಿರಲಿಲ್ಲ. ಊರ ಹೊರಗೆ ಹಳಿ ಹಾಸಲೆಂದು ಕೆಂಪು ಮಣ್ಣಿನ ಏರಿ ಎದ್ದು ನಿಂತಿತ್ತು. ನಿಲ್ದಾಣ ಎಲ್ಲಿ ಎಂಬುದು ಮಾತ್ರ ಯಾರಿಗೂ ಖಚಿತವಿರಲಿಲ್ಲ. ನಾನು ತಾಲ್ಲೂಕಿನ ನಕ್ಷೆ ಬಿಡಿಸಿ, ಸಮತಟ್ಟಾದ ಒಂದು ಕಡೆ ಪೆನ್ಸಿಲಿನಿಂದ ಗುಂಡಗೆ ಗುರುತು ಹಾಕಿ, ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟೆ. ಅಕ್ಕನ ಕೈಯಲ್ಲಿ ನೀರಿನ ಬಾಟಲಿ ಮಾತ್ರ ಇತ್ತು.

ಏರಿಯ ಎರಡೂ ಕಡೆ ಹೊಲಗಳು ಸೈಟುಗಳಾಗುತ್ತಿದ್ದವು. ಸಜ್ಜೆ ಬೆಳೆಯುತ್ತಿದ್ದ ಕಡೆ ಬಣ್ಣ ಬಳಿದ ಕಲ್ಲುಗಳು ಸಾಲಾಗಿ ಹುಟ್ಟಿದ್ದವು. ಮೊದಲ ಬಡಾವಣೆಯ ಬಾಗಿಲಲ್ಲೇ ಛತ್ರಿಯ ಕೆಳಗೆ ಕುಳಿತಿದ್ದ ಏಜೆಂಟ್ ಎದ್ದು ಬಂದ. "ಬರ್ರಿ ಸರ್, ಬರ್ರಿ ಅಮ್ಮಾರ. ಸ್ಟೇಷನ್ ಅಗೋ, ಆ ಬೇವಿನಗಿಡದ ಬುಡಕ್ಕ. ಮನಿ ಕಿಟಕ್ಯಾಗ ಕೈ ಚಾಚಿ ಟಿಕೆಟ್ ತಗೋಬಹುದು."

"ಅಷ್ಟು ಹತ್ರ ಆದ್ರ ರೈಲಿನ ಸಪ್ಪಳಕ್ಕ ನಿದ್ದಿ ಬರತೈತೇನ್ರಿ?" ಎಂದಳು ಅಕ್ಕ.

"ಏ, ಸಪ್ಪಳ ಕೇಳ್ಸಾದೇ ಇಲ್ಲ ಬಿಡ್ರಿ, ಅಷ್ಟು ದೂರ ಐತಿ!"

ಅಲ್ಲಿಂದ ಮುಂದೆ ಹೊಸ ಮನೆಯ ಕಟ್ಟೆಯ ಮೇಲೆ ಕುಳಿತ ನಿವೃತ್ತರೊಬ್ಬರು, ನಿಲ್ದಾಣ ತಮ್ಮ ಹಿತ್ತಿಲಿಗೇ ಬರುತ್ತದೆಂದು ಆಣೆ ಇಟ್ಟರು. ಅವರಿಗಿಂತ ಮುಂದೆ ಸೈಕಲ್ ಷಾಪಿನವನೊಬ್ಬ ಆಗಲೇ ತನ್ನ ಅಂಗಡಿಗೆ ನಿಲ್ದಾಣದ ಹೆಸರಿಟ್ಟು ಪಂಕ್ಚರ್ ಹಾಕುತ್ತಿದ್ದ. ರೈಲೇ ಇಲ್ಲದ ದಾರಿಯಲ್ಲಿ ಇಷ್ಟು ನಿಲ್ದಾಣಗಳನ್ನು ದಾಟಿದ ಪ್ರಯಾಣಿಕ ನಾನೊಬ್ಬನೇ ಇರಬೇಕು. ಪಾಠದಲ್ಲಿ ನಾನು ಹೇಳುವುದುಂಟು: ಹಿಂದೆ ಊರುಗಳು ಕೆರೆ ಹುಡುಕಿಕೊಂಡು ಕುಳಿತವು, ಆಮೇಲೆ ಬಸ್ಸು ನಿಲ್ಲುವಲ್ಲಿಗೆ ಸರಿದವು. ಆದರೆ ಇನ್ನೂ ಬಾರದ ಅತಿಥಿಯನ್ನು ಎದುರುಗೊಳ್ಳಲು ಊರೊಂದು ಹೊಸ ಬಟ್ಟೆ ತೊಟ್ಟು ಹೊಲದ ತನಕ ನಡೆದು ಬರುತ್ತದೆಂದು ಯಾವ ಪಠ್ಯದಲ್ಲೂ ಇರಲಿಲ್ಲ.

ಬಿಸಿಲು ಏರಿತು. ಬಾಟಲಿ ಖಾಲಿಯಾಯಿತು. ಏರಿಯ ಮೇಲೆ ಒಂದೆಡೆ ಹೆಂಗಸರು ಮೆಕ್ಕೆಜೋಳ ಹರವಿ ಒಣಗಿಸುತ್ತಿದ್ದರು. ಅವರಲ್ಲಿ ಹಿರಿಯಳೊಬ್ಬಳು ಕೊಡದಿಂದ ನಮಗೆ ನೀರು ಬಗ್ಗಿಸಿಕೊಟ್ಟಳು.

"ಸ್ಟೇಷನ್ ಎಲ್ಲಿ ಆಗತೈತಬೇ?" ಅಕ್ಕ ಕೇಳಿದಳು.

"ಯಾರಿಗೊತ್ತವ್ವಾ. ನಮಗಂತೂ ಚಲೋ ಕಣ ಆಗೇತಿ."

"ಇಲ್ಲಿ ಚಾ ಎಲ್ಲಿ ಕುಡೀತೀರಿ?"

"ಚಾ ಕುಡಿಯಾಕ ಊರಿಗೆ ಹೋಗಬೇಕು. ಅಲ್ಲೀತನ ಯಾರು ಹೋಕ್ಕಾರ!"

ಅಕ್ಕ ಸುತ್ತ ನೋಡಿದಳು. ಏರಿಯ ಕೆಳಗೆ ಏಳುತ್ತಿದ್ದ ಗೋಡೆಗಳು, ಇಟ್ಟಿಗೆ ಹೊರುವವರು, ಗಾರೆ ಕಲಸುವವರು, ಮಣ್ಣಿನ ಟ್ರ್ಯಾಕ್ಟರುಗಳು. "ಇಲ್ಲೇ," ಎಂದಳು.

ನಾನು ನಕ್ಷೆ ತೆಗೆದು ನನ್ನ ಗುರುತು ತೋರಿಸಿದೆ. ಅಕ್ಕ ಅದರ ಕಡೆ ಕಣ್ಣೂ ಹಾಯಿಸಲಿಲ್ಲ. "ನಾನೇನು ರೈಲಿಗೆ ಮಿರ್ಚಿ ಕರೀತೀನೇನು? ಮಂದಿಗೆ ಕರೀತೀನಿ. ಇನ್ನ ಸ್ಟೇಷನ್ನೂ ಇಲ್ಲೇ ಆಗತೈತಿ, ನೋಡ್ತಿರು."

ದೀಪಾವಳಿಗೆ ಮೊದಲೇ ಅಲ್ಲಿ, ಏರಿಯ ಪಕ್ಕದಲ್ಲಿ, ತಗಡಿನ ಸೂರು ಎದ್ದಿತು. ಬೇಸಿಗೆ ಮುಗಿಯುವವರೆಗೂ ಬಾಣಲೆ ತಣ್ಣಗಾಗಲಿಲ್ಲ. ಆದರೆ ಮಳೆಗಾಲದ ಹೊತ್ತಿಗೆ ಎರಡು ಸುದ್ದಿ ಒಟ್ಟಿಗೆ ಬಂದವು. ನಿಲ್ದಾಣ ನನ್ನ ಪೆನ್ಸಿಲ್ ಗುರುತಿಗೂ ಸೇರದ, ಅಕ್ಕನ ಜಾಗಕ್ಕೂ ಸೇರದ ಬೇರೆಲ್ಲೋ ಆಗುತ್ತದಂತೆ. ಮಣ್ಣಿನ ಕೆಲಸವೂ ಸದ್ಯಕ್ಕೆ ನಿಂತಿತಂತೆ. ಟ್ರ್ಯಾಕ್ಟರುಗಳು ಹೋದವು. ಸೈಟು ಕೊಂಡವರು ಮನೆ ಕಟ್ಟುವುದನ್ನು ಮುಂದೂಡಿದರು.

ಒಂದು ಸಂಜೆ ಹೋದಾಗ ಅಕ್ಕ ಹೊತ್ತಿಸದ ಒಲೆಯ ಮುಂದೆ ಕುಳಿತಿದ್ದಳು. ಕಲಸಿದ ಹಿಟ್ಟು ಪಾತ್ರೆಯಲ್ಲಿ ಹಾಗೇ ಇತ್ತು. "ತಪ್ಪು ಮಾಡಿದ್ನೇನೋ ತಮ್ಮಾ?" ಎಂದಳು. ನನಗೆ ಬುದ್ಧಿ ಬಂದಂದಿನಿಂದ ಅಕ್ಕ ನನ್ನನ್ನು ಕೇಳಿದ್ದೆಲ್ಲ ತನ್ನ ಬಳಿ ಉತ್ತರ ಇಟ್ಟುಕೊಂಡೇ. ಉತ್ತರ ಬೇಕಾಗಿ ಕೇಳಿದ್ದು ಇದೇ ಮೊದಲು. ಕ್ಲಾಸಿನಲ್ಲಿ ಯಾವುದಕ್ಕೂ ತಡವರಿಸದ ನಾನು, "ಮೊದಲು ಒಲಿ ಹಚ್ಚು, ಹಸಿವಾಗೇತಿ," ಎಂದಷ್ಟೇ ಹೇಳಿದೆ. ಆ ಸಂಜೆ ಇಬ್ಬರೇ ಕುಳಿತು ತಿಂದೆವು.

ಮರುದಿನ ಸ್ಟಾಫ್ ರೂಮಿನಲ್ಲಿ, ನಾನು ಇನ್ನು ಮೇಲೆ ಬೆಳಿಗ್ಗೆ ಏರಿಯ ಮೇಲೆ ವಾಕಿಂಗ್ ಹೋಗುವವನೆಂದು ಸಾರಿದೆ. ಎಲ್ಲರೂ ನಕ್ಕರು, ನಂತರ ಪರೀಕ್ಷಿಸಲೆಂದು ಜೊತೆಗೆ ಬಂದರು. ಬಂದವರಿಗೆ ಏರಿ ಹಿಡಿಸಿತು: ಬಸ್ಸಿಲ್ಲ, ಲಾರಿಯಿಲ್ಲ, ಎರಡೂ ಕಡೆಯಿಂದ ಗಾಳಿ. ಅವರ ಹಿಂದೆ ಡಾಕ್ಟರ ಮಾತಿಗೆ ಹೆದರಿದ ಸಕ್ಕರೆ ಕಾಯಿಲೆಯವರು ಬಂದರು, ಅಂಗಡಿಯವರು ಬಂದರು, ಆಮೇಲೆ ಹೆಂಗಸರ ಗುಂಪೂ ಬಂತು. ಮೈ ಇಳಿಸಲು ಹೊರಟವರು ಮಿರ್ಚಿ ತಿಂದು, ಇಳಿಸಿದ್ದನ್ನು ಅಲ್ಲೇ ಏರಿಸಿಕೊಂಡು ಮರಳುತ್ತಿದ್ದರು. ಅಕ್ಕನೂ ಮೊದಲಿನ ಅಕ್ಕನಾದಳು. ಹೋಗುವಾಗಲೇ ಬೆಂಚಿನ ಮೇಲೆ ಕೂರಲು ನೋಡಿದವರನ್ನು, ಮಿರ್ಚಿ ಎತ್ತುವ ತೂತಿನ ಜಾರ ಹಿಡಿದೇ ಎಬ್ಬಿಸುತ್ತಿದ್ದಳು: "ನಡೆದು ಬರ್ರಿ ಮೊದಲು. ಬೆವರು ಕಾಣೂತನ ಕೊಡಂಗಿಲ್ಲ ನಾನು."

ಹೀಗೆ ಒಂದೆರಡು ವರ್ಷ ಕಳೆದ ಮೇಲೆ, ಜೀಪಿನಲ್ಲಿ ಬಂದ ಅಧಿಕಾರಿಯೊಬ್ಬರು ಏರಿಯ ಮೇಲೆ ನಿಂತು, ಕೆಲಸ ಮತ್ತೆ ಶುರುವಾಗುತ್ತದೆ, ಹಳಿ ಬಿದ್ದ ಮೇಲೆ ಇಲ್ಲಿ ಯಾರೂ ಕಾಲಿಡುವಂತಿಲ್ಲ ಎಂದು ತಿಳಿಸಿ ಹೋದರು. ವಾಕಿಂಗಿನ ಮಂದಿಗೆ ಸಾವಿನ ಸುದ್ದಿ ಕೇಳಿದಂತಾಯಿತು. ರೈಲು ಬೇಗ ಬರಲೆಂದು ಹೋರಾಟ ಮಾಡಿದ್ದವರೇ, ಇಷ್ಟು ವರ್ಷ ತಡೆದದ್ದು ಇನ್ನಷ್ಟು ತಡೆಯಬಾರದೇ ಎಂದು ಗೊಣಗಿದರು. ನಾನು ಅಕ್ಕನ ಮುಖ ನೋಡಿದೆ. ಆ ಮಳೆಗಾಲದ ಸಂಜೆಯ ಮುಖ ಮತ್ತೆ ಕಾಣುವುದೋ ಎಂದು ಭಯವಾಗಿತ್ತು.

ಅಕ್ಕ ಜಾರದಿಂದ ಎಣ್ಣೆ ಬಸಿಯುತ್ತ, "ಏರಿ ಕೆಳಗ ನಡೀರಿ. ನಿಮ್ಮ ಕಾಲೇನು ಹಳಿಮ್ಯಾಲ ಹುಟ್ಟ್ಯಾವೇನು?" ಎಂದಳು.

ಹಳಿಯ ಮಾತು ಆಗಿನ್ನೂ ಮಾತಾಗಿಯೇ ಇತ್ತು. ಆದರೆ ಮುಂದಿನ ವಾರ ನಾನು ಹೋಗುವ ಹೊತ್ತಿಗೆ ಏರಿಯ ಬುಡದ ಹುಲ್ಲಿನಲ್ಲಿ ತೆಳ್ಳಗೆ ಕಾಲುದಾರಿಯೊಂದು ಮೂಡಿತ್ತು. ಅಕ್ಕ ಬೆಂಚುಗಳನ್ನು ಆಗಲೇ ಅದರ ಕಡೆಗೆ ತಿರುಗಿಸಿ ಇಟ್ಟಿದ್ದಳು.