ಹದಿನೈದನೇ ರೌಂಡ್

ಚಾಚಾರ ಮೂಗು ಎಡಕ್ಕೆ ವಾಲಿತ್ತು. ಕನ್ನಡಕ ಅದರ ಮೇಲೆ ನೆಟ್ಟಗೆ ಕೂತದ್ದನ್ನು ನಾನು ಒಮ್ಮೆಯೂ ಕಾಣೆ. ಮಾತಿನ ನಡುವೆ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಲೇ ಇರುತ್ತಿದ್ದರು. ಶಿವಾಜಿನಗರದಲ್ಲಿ ಬಾಕ್ಸಿಂಗ್ ಆಡಿ ಮುರಿದುಕೊಂಡ ಮೂಗು. ಆಮೇಲೆ ಅಲ್ಲೇ ಪಂದ್ಯಗಳಿಗೆ ಜಡ್ಜ್ ಆಗಿದ್ದವರು, ಕಾರ್ಖಾನೆ ಕೆಲಸಕ್ಕೆಂದು ಸ್ವೀಡನ್ನಿನ ಲಿಂಕೋಪಿಂಗಿಗೆ ಬಂದು ಇಲ್ಲೇ ಮುದುಕರಾದರು.

ಪಿಎಚ್‌ಡಿಗೆ ಬಂದ ನಾನು ಅವರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದೆ. ಇಲ್ಲಿನ ಗುರುತಿನ ಸಂಖ್ಯೆ, ಪರ್ಸನ್‌ನಂಬರ್, ಬರುವವರೆಗೆ ನನ್ನನ್ನು ಕಚೇರಿಯಿಂದ ಕಚೇರಿಗೆ ಕರೆದೊಯ್ದವರು ಅವರೇ. ಥೀಸಿಸ್ ಶುರುವಾಗುವ ಮೊದಲೇ ನನ್ನನ್ನು "ಡಾಕ್ಟ್ರಮ್ಮ" ಎಂದವರೂ ಅವರೊಬ್ಬರೇ.

ಎರಡನೇ ಚಳಿಗಾಲದಲ್ಲಿ ನನ್ನ ಗೈಡ್, ಅರ್ಧ ಕೆಲಸ ಮತ್ತೆ ಮಾಡಬೇಕು ಎಂದುಬಿಟ್ಟರು. ಸಾಕಪ್ಪಾ ಸಾಕು, ಊರಿಗೆ ಹೋಗ್ತೀನಿ ಎಂದು ಅಟ್ಟದಿಂದ ಸೂಟ್‌ಕೇಸ್ ಇಳಿಸಿದೆ. ಸದ್ದು ಕೇಳಿ ಚಾಚಾ ಮೇಲೆ ಬಂದರು.

"ಟಿಕೆಟ್ ಆಮೇಲೆ ಬುಕ್ ಮಾಡ್ಕೊ. ಮೊದ್ಲು ಬಂದು ಒಂದ್ ರೌಂಡ್ ನೋಡು."

ಅವರು ಆರಾಧಿಸುತ್ತಿದ್ದ ಹಳೆಯ ಕಾಲದ ಹೆವಿವೇಯ್ಟ್ ಚಾಂಪಿಯನ್ ಒಬ್ಬನಿದ್ದ. ಅವನು ಪಟ್ಟ ಕಳೆದುಕೊಂಡ ಪಂದ್ಯ ಅದು, ಹದಿನೈದು ರೌಂಡ್. ತೀರ್ಪು ಸರಿಯಾಗಿತ್ತೇ ಎಂದು ನಾವಿಬ್ಬರೂ ಹೊಸದಾಗಿ ನೋಡಿ ಹೇಳಬೇಕಂತೆ. ಭಾನುವಾರಕ್ಕೊಂದೇ ರೌಂಡ್, ಟಿವಿಯ ಸದ್ದು ಬಂದ್. ಆ ರೌಂಡ್ ಗೆದ್ದವನ ಹೆಸರನ್ನು ಇಬ್ಬರೂ ಚೀಟಿಯಲ್ಲಿ ಬರೆದು, ಮಡಚಿ, ಬಿಸ್ಕತ್ ಡಬ್ಬಿಗೆ ಹಾಕಬೇಕು. ಹಾಕಿದ ಚೀಟಿ ತಿದ್ದುವಂತಿಲ್ಲ, ಒಬ್ಬರದು ಇನ್ನೊಬ್ಬರು ನೋಡುವಂತಿಲ್ಲ.

ನನ್ನ ಬಾಯಿ ಸುಮ್ಮನಿರುತ್ತದೆಯೇ? "ಏನ್ ಚಾಚಾ, ಈಗಿನವರ ಮುಂದೆ ನಿಮ್ ಹೀರೋ ಎರಡ್ ನಿಮಿಷ ನಿಲ್ಲಲ್ಲ. ಹೊಡ್ದಿದ್ದೆಲ್ಲ ಕೈಲಾಗ್ದೋರನ್ನ."

"ಅವನ ಕಾಲದವ್ರನ್ನ ತಾನೇ ಅವನು ಹೊಡೀಬೇಕು? ಹುಟ್ಟದೇ ಇರೋರನ್ನ ಹೊಡೆಯೋಕಾಗತ್ತಾ?" ಎಂದು ರೇಗುತ್ತಿದ್ದರು. ಜಗಳವಾಡುತ್ತಾ ಚಹಾ ಕುಡಿಯುತ್ತಾ ಒಂದೊಂದೇ ವಾರ ದಾಟಿತು. ಸೂಟ್‌ಕೇಸ್ ಮತ್ತೆ ಅಟ್ಟ ಸೇರಿತು.

ಹದಿನಾಲ್ಕನೆಯದು ಮುಗಿದಾಗ ಚಾಂಪಿಯನ್ ತನ್ನ ಮೂಲೆಯ ಸ್ಟೂಲಿನ ಮೇಲೆ ಕುಸಿದಿದ್ದ, ಒಂದು ಕಣ್ಣು ಪೂರಾ ಮುಚ್ಚಿತ್ತು. ಚಾಚಾ ಅಲ್ಲಿಗೆ ನಿಲ್ಲಿಸಿದರು.

"ಸೋತಿದೀನಿ ಅಂತ ಅವನಿಗೆ ಗೊತ್ತು. ಆದ್ರೂ ಏಳ್ತಾನೆ. ಯಾಕೆ ದೊಡ್ಡೋನು ಅಂತ ಕೇಳ್ತಿದ್ಯಲ್ಲ, ಮುಂದಿನ್ ವಾರ ನೋಡು."

ಆ ವಾರವೇ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಫೋನ್ ಮಾಡಿ, "ಒಂದ್ ರೌಂಡ್ ಬಾಕಿ ಇದೆ ಡಾಕ್ಟ್ರಮ್ಮ, ಲ್ಯಾಪ್‌ಟಾಪ್ ತಗೊಂಡ್ ಬಾ" ಎಂದರು. ಸೆಮಿನಾರ್ ಇದೆ, ಮುಂದಿನ ಭಾನುವಾರ ಬರ್ತೀನಿ ಎಂದೆ. ಅದರ ಮುಂದಿನ ಭಾನುವಾರವೂ ಅದನ್ನೇ ಹೇಳಿದೆ. ಸೆಮಿನಾರ್ ಇದ್ದದ್ದು ನಿಜ. ಆದರೆ ಕೈಗೆ ನಳಿಕೆ ಚುಚ್ಚಿಕೊಂಡು ಮಲಗಿದ ಚಾಚಾರನ್ನು ನೋಡಲು ನನಗೆ ಹೆದರಿಕೆ, ಅದು ಅದಕ್ಕಿಂತ ನಿಜ.

"ಇರ್ಲಿ ಬಿಡಮ್ಮ, ಓದ್ಕೊ" ಎಂದರು. ಅದೇ ಕೊನೆಯ ಮಾತು. ಆ ಗುರುವಾರ ಹೋಗಿಬಿಟ್ಟರು.

ದಫನ್ ಮುಗಿದ ಮೇಲೆ ಅವರ ಮಗಳು ಬಿಸ್ಕತ್ ಡಬ್ಬಿ ತಂದು ನನ್ನ ಕೈಗಿಟ್ಟಳು. ಮನೆಗೆ ಬಂದು ಚೀಟಿಗಳನ್ನು ಬಿಡಿಸಿದೆ. ನನ್ನ ಹದಿನಾಲ್ಕರಲ್ಲಿ ಹನ್ನೊಂದನ್ನು ಚಾಂಪಿಯನ್ನನಿಗೆ ಕೊಟ್ಟಿದ್ದೆ; ಬಾಯಲ್ಲಿ ಆಡಿಕೊಂಡರೂ ಚಾಚಾರ ಮನಸ್ಸು ನೋಯಿಸಲು ಕೈ ಬಂದಿರಲಿಲ್ಲ. ಚಾಚಾ ಅವನಿಗೆ ಕೊಟ್ಟದ್ದು ನಾಲ್ಕೇ. ಇಷ್ಟು ಹೊಗಳಿದವರು ಒಂದು ಚೀಟಿಯಲ್ಲೂ ಸುಳ್ಳು ಬರೆದಿರಲಿಲ್ಲ. ಅವನು ಸೋತಿದ್ದಾನೆಂದು ಗೊತ್ತಿದ್ದೇ ನನ್ನನ್ನು ಹದಿನೈದನೆಯದಕ್ಕೆ ಕರೆದಿದ್ದರು. ತಳದಲ್ಲಿ ಎರಡು ಖಾಲಿ ಚೀಟಿಗಳಿದ್ದವು.

ಸದ್ದು ಬಂದ್ ಮಾಡಿ ಒಬ್ಬಳೇ ನೋಡಿದೆ. ಗಂಟೆ ಬಡಿದಿರಬೇಕು, ಅವನು ಹಗ್ಗ ಹಿಡಿದು ಎದ್ದ. ನಡುಗುವ ಕಾಲಲ್ಲಿ ರಿಂಗಿನ ನಡುವಿಗೆ ಬಂದ. ಆ ರೌಂಡನ್ನೂ ಸೋತ. ನನ್ನ ಚೀಟಿಯಲ್ಲಿ ಎದುರಾಳಿಯ ಹೆಸರನ್ನೇ ಬರೆದು ಡಬ್ಬಿಗೆ ಹಾಕಿದೆ. ಚಾಚಾರದು ಖಾಲಿಯೇ ಇದೆ.

ಅವನು ಎದ್ದು ಬಂದ, ಚಾಚಾ. ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ಆಸ್ಪತ್ರೆಗೆ ನಾನು ಬರಲಿಲ್ಲ.